ಮನೆಯಲ್ಲಿ ಇನ್ಸುಲಿನ್ ಕೊಡುವುದು: ಚುಚ್ಚುವ ಮೊದಲಿನ ನಿರ್ಧಾರದಿಂದ ಸೂಜಿಯ ವಿಲೇವಾರಿಯವರೆಗೆ

ಇನ್ಸುಲಿನ್ ಬರೆದುಕೊಟ್ಟು ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ ಮೊದಲ ವಾರದಲ್ಲಿ ರೋಗಿಗಳೂ ಅವರ ಮನೆಯವರೂ ನಮಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸೂಜಿಯನ್ನು ಎಲ್ಲಿ ಚುಚ್ಚಬೇಕು, ನೋವಾಗುತ್ತದೆಯೇ, ರಕ್ತ ಬಂದರೆ ಏನು ಮಾಡಬೇಕು ಎಂದೇ ಎಲ್ಲರೂ ಆರಂಭಿಸುತ್ತಾರೆ. ಚುಚ್ಚುವ ಕೆಲಸವನ್ನು ಎರಡು ಮೂರು ದಿನಗಳಲ್ಲಿ ಯಾರು ಬೇಕಾದರೂ ಕಲಿಯಬಹುದು. ಆದರೆ ಇನ್ಸುಲಿನ್‌ನಿಂದಾಗುವ ಅನಾಹುತಗಳಲ್ಲಿ ಹೆಚ್ಚಿನವು ಸೂಜಿ ಚರ್ಮವನ್ನು ಮುಟ್ಟುವ ಮೊದಲೇ ಆಗಿಹೋಗಿರುತ್ತವೆ: ಸೀಸೆಗೆ ಹೊಂದದ ಸಿರಿಂಜನ್ನು ಕೊಂಡಾಗ, ಊಟ ತಡವಾಗುತ್ತದೆಂದು ಗೊತ್ತಿದ್ದರೂ ಹೊತ್ತಿಗೆ ಸರಿಯಾಗಿ ಚುಚ್ಚಿಬಿಟ್ಟಾಗ, ವಾಂತಿಯಾಗುತ್ತಿದೆ ಎಂದು ಮದ್ದನ್ನೇ ಪೂರ್ತಿ ನಿಲ್ಲಿಸಿದಾಗ. ಆದ್ದರಿಂದ ಈ ಲೇಖನದಲ್ಲಿ ಚುಚ್ಚುವುದಕ್ಕೆ ಮುಂಚಿನ ಹಂತಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಡೋಸ್ ನಿರ್ಧರಿಸುವವರು ನಿಮ್ಮ ವೈದ್ಯರೇ. ಅವರು ಬರೆದ ಡೋಸ್ ಸರಿಯಾಗಿ, ಸರಿಯಾದ ಹೊತ್ತಿಗೆ ದೇಹ ಸೇರುವಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಆರಂಭಿಸುವ ಮುನ್ನ ಇವು ಮನೆಯಲ್ಲಿರಲಿ: ವೈದ್ಯರು ಬರೆದ ಇನ್ಸುಲಿನ್, ಅದಕ್ಕೆ ಹೊಂದುವ ಸಿರಿಂಜ್ ಅಥವಾ ಪೆನ್ನು ಮತ್ತು ಅದರ ಸೂಜಿಗಳು, ಗ್ಲೂಕೋಮೀಟರ್ (ಬೆರಳ ತುದಿಯ ರಕ್ತದ ಹನಿಯಿಂದ ಸಕ್ಕರೆ ಅಳೆಯುವ ಪುಟ್ಟ ಯಂತ್ರ), ಅವಧಿ ಮುಗಿಯದ ಸ್ಟ್ರಿಪ್‌ಗಳು, ಒಂದು ನೋಟ್‌ಬುಕ್, ಕೈಗೆ ಸಿಗುವ ಜಾಗದಲ್ಲಿ ಗ್ಲುಕೋಸ್ ಪುಡಿ, ಬಳಸಿದ ಸೂಜಿ ಹಾಕಲು ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿ.

1. ಸೀಸೆಗೂ ಸಿರಿಂಜಿಗೂ ಹೊಂದಾಣಿಕೆಯಿದೆಯೇ ನೋಡಿ

ನಮ್ಮ ದೇಶದ ಔಷಧಿ ಅಂಗಡಿಗಳಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ 10 ಮಿ.ಲೀ. ಸೀಸೆಗಳಲ್ಲಿ ಪ್ರತಿ ಮಿ.ಲೀ.ಗೆ 40 ಯೂನಿಟ್ ಇರುತ್ತದೆ. ಪೆನ್ನಿನಲ್ಲಿ ಹಾಕುವ 3 ಮಿ.ಲೀ. ಕಾರ್ಟ್ರಿಜ್‌ಗಳಲ್ಲಿ ಮತ್ತು ಕೆಲವು ಸೀಸೆಗಳಲ್ಲಿ ಪ್ರತಿ ಮಿ.ಲೀ.ಗೆ 100 ಯೂನಿಟ್ ಇರುತ್ತದೆ. ಯೂನಿಟ್ ಎಂದರೆ ಇನ್ಸುಲಿನ್‌ನ ಅಳತೆ, ದ್ರವದ ಪ್ರಮಾಣವಲ್ಲ. 40ರ ಸೀಸೆಗೆ ಬೇಕಾದ ಸಿರಿಂಜಿಗೆ ಕೆಂಪು ಮುಚ್ಚಳವಿರುತ್ತದೆ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳವಿರುತ್ತದೆ. ಬಣ್ಣವನ್ನಷ್ಟೇ ನಂಬದೆ ಸೀಸೆಯ ಮೇಲೂ ಸಿರಿಂಜಿನ ಮೇಲೂ ಮುದ್ರಿಸಿರುವ ಸಂಖ್ಯೆಯನ್ನು ಓದಿ, ಎರಡೂ ಒಂದೇ ಆಗಿದ್ದರೆ ಮಾತ್ರ ಬಳಸಿ.

ಇವು ಅದಲುಬದಲಾದರೆ ಆಗುವುದನ್ನು ಲೆಕ್ಕದಲ್ಲೇ ನೋಡಿ. ವೈದ್ಯರು 20 ಯೂನಿಟ್ ಬರೆದಿದ್ದಾರೆ. 40ರ ಸೀಸೆಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 8 ಯೂನಿಟ್ ಮಾತ್ರ. ವಾರಗಟ್ಟಲೆ ಸಕ್ಕರೆ ಇಳಿಯದೆ, ಇದ್ದಬದ್ದ ಪಥ್ಯವನ್ನೆಲ್ಲ ಮಾಡಿಸಿ, ಕೊನೆಗೆ ವೈದ್ಯರು ಡೋಸ್ ಏರಿಸುತ್ತಾರೆ. ಅದೇ 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಹೋಗುವುದು 50 ಯೂನಿಟ್. ಇದು ಜೀವಕ್ಕೇ ಎರವಾಗಬಲ್ಲದು. ಪೆನ್ನು ಕೆಟ್ಟಿದೆಯೆಂದು ಅದರ ಕಾರ್ಟ್ರಿಜ್‌ನಿಂದ ಮನೆಯಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಳ್ಳುವುದು ಇದೇ ಬಗೆಯ ತಪ್ಪು. ಎಂದಿಗೂ ಹಾಗೆ ಮಾಡಬೇಡಿ.

ಇನ್ನೊಂದು ಎಚ್ಚರಿಕೆ ಚೀಟಿಗೆ ಸಂಬಂಧಿಸಿದ್ದು. ಸಂಖ್ಯೆಯ ಪಕ್ಕದಲ್ಲಿ ಯೂನಿಟ್ ಎಂಬುದನ್ನು ಒಂದೇ ಇಂಗ್ಲಿಷ್ ಅಕ್ಷರದಲ್ಲಿ ಅವಸರದಿಂದ ಗೀಚಿದಾಗ ಅದು ಸೊನ್ನೆಯಂತೆ ಕಂಡು, 10 ಇದ್ದದ್ದು 100 ಎಂದು ಓದಿಸಿಕೊಳ್ಳುತ್ತದೆ. ‘ಯೂನಿಟ್’ ಎಂದು ಪೂರ್ತಿಯಾಗಿ ಬರೆದುಕೊಡಿ ಎಂದು ಕೇಳಲು ಸಂಕೋಚಪಡಬೇಡಿ.

2. ನಿಮ್ಮದು ಯಾವ ಇನ್ಸುಲಿನ್ ಎಂದು ತಿಳಿದುಕೊಳ್ಳಿ

ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಆದರೆ ಅದು ಊಟಕ್ಕೆ ಕಟ್ಟುಬಿದ್ದ ಇನ್ಸುಲಿನ್ ಹೌದೋ ಅಲ್ಲವೋ ಎಂಬುದು ಗೊತ್ತಿರಲೇಬೇಕು. ರೆಗ್ಯುಲರ್ ಇನ್ಸುಲಿನ್ ಮತ್ತು 30/70 ಎಂದು ಕರೆಯುವ ಹ್ಯೂಮನ್ ಮಿಶ್ರಣವನ್ನು (ನೂರರಲ್ಲಿ 30 ಪಾಲು ಬೇಗ ಕೆಲಸ ಮಾಡುವಂಥದು, 70 ಪಾಲು ನಿಧಾನದ್ದು) ಊಟಕ್ಕೆ ಸುಮಾರು 30 ನಿಮಿಷ ಮೊದಲು ಕೊಡಬೇಕು. ಲಿಸ್ಪ್ರೋ, ಆಸ್ಪಾರ್ಟ್‌ನಂಥ ಅತಿ ಶೀಘ್ರ ಇನ್ಸುಲಿನ್‌ಗಳನ್ನು ಊಟಕ್ಕೆ ಕೂರುವ ಮೊದಲಿನ 15 ನಿಮಿಷದೊಳಗೆ ಕೊಡಬೇಕು. ಗ್ಲಾರ್ಜಿನ್, ಡೆಗ್ಲುಡೆಕ್‌ನಂಥವು ಇಡೀ ದಿನ ನಿಧಾನವಾಗಿ ಕೆಲಸ ಮಾಡುವ ತಳಹದಿಯ ಇನ್ಸುಲಿನ್‌ಗಳು. ಇವು ಊಟಕ್ಕೆ ಕಟ್ಟುಬಿದ್ದವಲ್ಲ, ಆದರೆ ಗ್ಲಾರ್ಜಿನ್ ಅನ್ನು ದಿನವೂ ಒಂದೇ ಹೊತ್ತಿಗೆ ಕೊಡುವುದು ವಾಡಿಕೆ.

ತಿಳಿಯಾಗಿ ಕಾಣುವುದೆಲ್ಲ ಬೇಗ ಕೆಲಸ ಮಾಡುವ ಇನ್ಸುಲಿನ್ ಎಂಬ ನಂಬಿಕೆ ತಪ್ಪು. ರೆಗ್ಯುಲರ್ ಕೂಡ ತಿಳಿ, ಗ್ಲಾರ್ಜಿನ್ ಕೂಡ ತಿಳಿ. ಮನೆಯಲ್ಲಿ ಎರಡು ಬಗೆ ಇದ್ದರೆ ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಇಡಿ ಮತ್ತು ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಕಣ್ಣು ಮಂಜಾಗಿರುವ ಹಿರಿಯರು ಕೈಯಿಂದ ತಡವಿಯೇ ಗುರುತು ಹಿಡಿಯುವಂತಾಗಬೇಕು.

3. ಸಕ್ಕರೆ ನೋಡಿ, ಆಮೇಲೆ ನಿರ್ಧರಿಸಿ

ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಂಡ ಮೇಲೆ, ಬೆರಳಿನ ತುದಿಯ ನಡುವಿನಲ್ಲಲ್ಲ, ಪಕ್ಕದಲ್ಲಿ ಚುಚ್ಚಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಪರೀಕ್ಷಿಸಿದರೆ ಹಣ್ಣಿನ ಸಕ್ಕರೆಯೇ ಯಂತ್ರಕ್ಕೆ ಸಿಕ್ಕಿ ಅಂಕಿ ಏರುತ್ತದೆ. ಆ ಅಂಕಿಯನ್ನು ನಂಬಿ ಹೆಚ್ಚು ಇನ್ಸುಲಿನ್ ಹಾಕಿಕೊಂಡವರೂ ಇದ್ದಾರೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ತಾಗಿ ಸ್ಟ್ರಿಪ್‌ಗಳು ಕೆಡುತ್ತವೆ, ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಅಂಕಿ ಬಂದ ಮೇಲೆ ನಿಮ್ಮನ್ನು ನೀವೇ ಎರಡು ಪ್ರಶ್ನೆ ಕೇಳಿಕೊಳ್ಳಿ: ಸಕ್ಕರೆ ಎಷ್ಟಿದೆ, ಊಟ ಯಾವಾಗ ಮತ್ತು ಎಷ್ಟು.

ಸಕ್ಕರೆ 70 ಮಿ.ಗ್ರಾಂ/ಡೆ.ಲೀ.ಗಿಂತ ಕಡಿಮೆಯಿದ್ದರೆ ಆ ಕ್ಷಣಕ್ಕೆ ಇನ್ಸುಲಿನ್ ಬೇಡ. ಏಳನೆಯ ಹಂತದಲ್ಲಿ ಹೇಳಿದಂತೆ ಮೊದಲು ಸಕ್ಕರೆ ಏರಿಸಿ, ಊಟ ಮಾಡಿ, ಆ ಹೊತ್ತಿನ ಡೋಸ್ ಬಗ್ಗೆ ವೈದ್ಯರನ್ನೋ ಶುಶ್ರೂಷಾಧಿಕಾರಿಯನ್ನೋ ಕೇಳಿ. 70ಕ್ಕಿಂತ ತುಸುವೇ ಮೇಲಿದ್ದಾಗ ಅರ್ಧ ಗಂಟೆ ಕಾಯುವ ನಿಯಮವನ್ನು ಬಿಡಬೇಕೇ, ಡೋಸ್ ಇಳಿಸಬೇಕೇ, ಇಳಿಸುವುದಾದರೆ ಎಷ್ಟು ಎಂಬುದನ್ನು ಮುಂದಾಗಿಯೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಈ ಪ್ರಶ್ನೆ ಎದುರಾದಾಗ ಫೋನ್ ಎತ್ತುವವರು ಸಿಗುವುದಿಲ್ಲ. ಸಕ್ಕರೆ ಸತತವಾಗಿ ಎರಡು ಸಲ 300 ದಾಟಿದರೆ ನೀವಾಗಿಯೇ ಹೆಚ್ಚುವರಿ ಡೋಸ್ ಹಾಕದೆ ವೈದ್ಯರಿಗೆ ತಿಳಿಸಿ.

ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುವುದು. ಮದುವೆಗೆ ಹೊರಡುವ ಮುಂಚೆ ಮನೆಯಲ್ಲೇ ಇನ್ಸುಲಿನ್ ಮುಗಿಸಿಕೊಂಡು ಹೋಗುತ್ತಾರೆ, ಛತ್ರದಲ್ಲಿ ಮೊದಲ ಪಂಕ್ತಿ ತುಂಬಿರುತ್ತದೆ, ಎರಡನೆಯದಕ್ಕೂ ಜಾಗ ಸಿಗುವುದಿಲ್ಲ, ಎಲೆಗೆ ಉಪ್ಪು ಬೀಳುವ ಹೊತ್ತಿಗೆ ಇವರ ಕೈ ನಡುಗಲು ಶುರುವಾಗಿರುತ್ತದೆ. ಹೊರಗೆ ಊಟವಿದ್ದರೆ ಇನ್ಸುಲಿನ್ ಜೊತೆಗೇ ಬರಲಿ; ಮುಂದಿನ ಪಂಕ್ತಿಯಲ್ಲಿ ನಿಮ್ಮ ಜಾಗ ಗಟ್ಟಿಯಾದ ಮೇಲೆ ಒಂದು ಕೋಣೆಗೆ ಹೋಗಿ ಚುಚ್ಚಿಕೊಳ್ಳಿ. ಅರ್ಧ ಗಂಟೆಯ ಅಂತರ ಕಡಿಮೆಯಾದರೆ ಆಗುವ ನಷ್ಟ ಊಟ ಎರಡು ಗಂಟೆ ತಡವಾದರೆ ಆಗುವ ಅಪಾಯದ ಮುಂದೆ ಏನೂ ಅಲ್ಲ. ಊಟವೇ ಸೇರದ ದಿನ ಊಟಕ್ಕೆ ಕಟ್ಟುಬಿದ್ದ ಡೋಸನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ತಳಹದಿಯ ಇನ್ಸುಲಿನ್ ಅನ್ನು ಅವರನ್ನು ಕೇಳದೆ ಬಿಡಲೂ ಬೇಡಿ.

4. ಸಿರಿಂಜಿಗೆ ತುಂಬಿಕೊಳ್ಳುವುದು

ಬಿಳಿಯಾಗಿ ಕದಡಿದಂತಿರುವ ಇನ್ಸುಲಿನ್ (ಎನ್‌ಪಿಎಚ್ ಎಂಬ ನಿಧಾನದ ಬಗೆ, 30/70 ಮಿಶ್ರಣ) ಬಳಸುವ ಮುನ್ನ ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ಮೇಲೆ ಕೆಳಗೆ ತಿರುಗಿಸಿ, ದ್ರವವೆಲ್ಲ ಒಂದೇ ಬಣ್ಣಕ್ಕೆ ಬರುವಂತೆ ಮಾಡಿ. ಜೋರಾಗಿ ಕುಲುಕಿದರೆ ಗುಳ್ಳೆಗಳೆದ್ದು ಅಳತೆ ತಪ್ಪುತ್ತದೆ. ಹೊರಳಿಸಿದ ಮೇಲೂ ಬಿಳಿ ಚೂರುಗಳು ತೇಲುತ್ತಿದ್ದರೆ ಅಥವಾ ಗಾಜಿಗೆ ಅಂಟಿಕೊಂಡಿದ್ದರೆ ಆ ಸೀಸೆಯನ್ನು ಬದಿಗಿಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಕದಡಿದ್ದರೂ ಹಾಗೆಯೇ.

ಎಷ್ಟು ಯೂನಿಟ್ ಬೇಕೋ ಅಷ್ಟು ಗಾಳಿಯನ್ನು ಮೊದಲು ಸಿರಿಂಜಿಗೆ ಎಳೆದು ಸೀಸೆಯೊಳಗೆ ತಳ್ಳಿ, ಸೀಸೆಯನ್ನು ತಲೆಕೆಳಗಾಗಿಸಿ ಇನ್ಸುಲಿನ್ ಎಳೆಯಿರಿ, ಗುಳ್ಳೆಗಳಿದ್ದರೆ ಬೆರಳಿನಿಂದ ತಟ್ಟಿ ಮೇಲೇರಿಸಿ ಹೊರಹಾಕಿ, ಮತ್ತೆ ಗೆರೆ ನೋಡಿ. ರೆಗ್ಯುಲರ್ ಮತ್ತು ಎನ್‌ಪಿಎಚ್ ಎರಡನ್ನೂ ಒಂದೇ ಸಿರಿಂಜಿನಲ್ಲಿ ಕೊಡಲು ವೈದ್ಯರು ಹೇಳಿದ್ದರೆ ತಿಳಿಯಾದದ್ದನ್ನು ಮೊದಲು, ಬಿಳಿಯದನ್ನು ಆಮೇಲೆ ಎಳೆಯಬೇಕು. ಗ್ಲಾರ್ಜಿನ್ ಅನ್ನು ಬೇರೆ ಯಾವುದರ ಜೊತೆಗೂ ಬೆರೆಸಬಾರದು.

ಪೆನ್ನು ಬಳಸುವವರು ಪ್ರತಿ ಸಲ ಹೊಸ ಸೂಜಿ ಸಿಕ್ಕಿಸಿ, 2 ಯೂನಿಟ್ ತಿರುಗಿಸಿ, ಸೂಜಿಯನ್ನು ಮೇಲ್ಮುಖವಾಗಿ ಹಿಡಿದು ಒತ್ತಿ. ತುದಿಯಲ್ಲಿ ಹನಿ ಕಾಣಿಸಿದ ಮೇಲಷ್ಟೇ ಡೋಸ್ ಹೊಂದಿಸಿ. ಈ ಹಂತವನ್ನು ಬಿಟ್ಟವರ ದೇಹಕ್ಕೆ ಕೆಲವೊಮ್ಮೆ ಬರೀ ಗಾಳಿ ಹೋಗಿರುತ್ತದೆ. ಒಬ್ಬರ ಪೆನ್ನನ್ನು, ಸೂಜಿ ಬದಲಿಸಿದರೂ ಸರಿ, ಗಂಡ ಹೆಂಡತಿಯೇ ಆದರೂ ಸರಿ, ಇನ್ನೊಬ್ಬರು ಬಳಸಬಾರದು. ರಕ್ತದ ಕಣಗಳು ಕಾರ್ಟ್ರಿಜ್‌ನೊಳಕ್ಕೆ ಹಿಂದಿರುಗಿ ಹೋಗಬಲ್ಲವು.

5. ಚುಚ್ಚುವುದು

ಹೊಟ್ಟೆ, ತೊಡೆಯ ಮುಂಭಾಗದ ಹೊರಬದಿ, ಪೃಷ್ಠದ ಮೇಲ್ಭಾಗ, ತೋಳಿನ ಹಿಂಭಾಗ ಇವೇ ಜಾಗಗಳು. ಹೊಟ್ಟೆಯಲ್ಲಿ ಹೊಕ್ಕುಳಿನ ಸುತ್ತ ಎರಡು ಬೆರಳಿನಷ್ಟು ಅಗಲ ಬಿಡಿ. ಚರ್ಮ ಶುಚಿಯಾಗಿದ್ದರೆ ಸ್ಪಿರಿಟ್ ಬೇಕಾಗಿಲ್ಲ. ಹಚ್ಚಿದರೆ ಆರಲು ಬಿಡಿ, ಇಲ್ಲದಿದ್ದರೆ ಉರಿಯುತ್ತದೆ. 4 ಮಿ.ಮೀ. ಪೆನ್ ಸೂಜಿಯನ್ನು ನೇರವಾಗಿ ಚುಚ್ಚಬಹುದು. ಸಿರಿಂಜಿನ ಸೂಜಿ ಅದಕ್ಕಿಂತ ಉದ್ದವಿರುವುದರಿಂದ ಚರ್ಮವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೃದುವಾಗಿ ಎತ್ತಿ ಹಿಡಿದು ಚುಚ್ಚಿ, ಇಲ್ಲದಿದ್ದರೆ ತೆಳ್ಳಗಿರುವವರಲ್ಲಿ ಮದ್ದು ಮಾಂಸಖಂಡಕ್ಕೆ ಹೋಗಿ ಸಕ್ಕರೆ ಥಟ್ಟನೆ ಇಳಿಯಬಹುದು. ಒತ್ತಿ ಮುಗಿಸಿದ ಮೇಲೆ ಹತ್ತರವರೆಗೆ ನಿಧಾನವಾಗಿ ಎಣಿಸಿ ಸೂಜಿ ತೆಗೆಯಿರಿ. ಉಜ್ಜಬೇಡಿ. ಒಂದು ಹನಿ ರಕ್ತ ಬಂದರೆ ಹತ್ತಿಯಿಂದ ಒತ್ತಿ ಹಿಡಿದರೆ ಸಾಕು, ಮತ್ತೆ ಡೋಸ್ ಕೊಡುವ ಅಗತ್ಯವಿಲ್ಲ.

ಮೊದಲ ದಿನಗಳಲ್ಲಿ ಎಲ್ಲರೂ ಜಾಗ ಬದಲಿಸುತ್ತಾರೆ. ತಿಂಗಳಾದ ಮೇಲೆ ನೋವಿಲ್ಲದ ಒಂದು ಜಾಗ ಕಂಡುಕೊಂಡು ಅಲ್ಲೇ ಚುಚ್ಚತೊಡಗುತ್ತಾರೆ. ಅಲ್ಲಿ ನೋವಿಲ್ಲದಿರುವುದೇಕೆಂದರೆ ಚರ್ಮದಡಿಯ ಕೊಬ್ಬು ಗಟ್ಟಿಯಾಗಿ ಗಂಟಾಗಿರುತ್ತದೆ. ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ಅರೆಬರೆ, ಇನ್ನೊಂದು ದಿನ ಒಮ್ಮೆಲೇ ರಕ್ತ ಸೇರುತ್ತದೆ. ಪಥ್ಯ ಬದಲಾಗದಿದ್ದರೂ ಸಕ್ಕರೆ ಏರಿಳಿಯುವುದಕ್ಕೆ ಇದೇ ಕಾರಣವಾಗಿರುತ್ತದೆ. ವಾರಕ್ಕೊಮ್ಮೆ ಸ್ನಾನದ ಹೊತ್ತಿನಲ್ಲಿ, ಸೋಪು ಹಚ್ಚಿದ ಬೆರಳಿನಿಂದ ಚುಚ್ಚುವ ಜಾಗಗಳನ್ನೆಲ್ಲ ಸವರಿ ನೋಡಿ; ಕಣ್ಣಿಗೆ ಕಾಣದ ಗಂಟು ಬೆರಳಿಗೆ ಸಿಗುತ್ತದೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗದಂತೆ, ಪ್ರತಿ ಸಲವೂ ಹಿಂದಿನ ಚುಚ್ಚಿನಿಂದ ಒಂದು ಬೆರಳಿನ ಅಂತರ ಬಿಟ್ಟು ಮುಂದುವರಿಯಿರಿ. ಗಂಟಿರುವ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಅದೇ ಡೋಸ್ ಹೆಚ್ಚಾಗಬಹುದು, ಆದ್ದರಿಂದ ವೈದ್ಯರಿಗೆ ಮೊದಲೇ ತಿಳಿಸಿ.

6. ಬರೆದಿಡಿ

ದಿನಾಂಕ, ಹೊತ್ತು, ಸಕ್ಕರೆ, ಯೂನಿಟ್, ಚುಚ್ಚಿದ ಜಾಗ, ಇಷ್ಟು ಸಾಕು. ಚುಚ್ಚಿದ ಕೂಡಲೇ ಬರೆಯಬೇಕು. ಹಿರಿಯರಿರುವ ಮನೆಗಳಲ್ಲಿ ‘ಬೆಳಿಗ್ಗೆ ಹಾಕಿಕೊಂಡೆನೋ ಇಲ್ಲವೋ’ ಎಂಬ ಅನುಮಾನ ಪದೇ ಪದೇ ಏಳುತ್ತದೆ, ಅತ್ತ ಸೊಸೆ ತಾನೇ ಹಾಕಿದ್ದೇನೆಂದೂ ಇತ್ತ ಅತ್ತೆ ಇನ್ನೂ ಆಗಿಲ್ಲವೆಂದೂ ಹೇಳುವುದುಂಟು. ಅನುಮಾನವಿದ್ದಾಗ ಇನ್ನೊಮ್ಮೆ ಹಾಕಬೇಡಿ. ಕೆಲವು ಗಂಟೆಗಳವರೆಗೆ ಆಗಾಗ ಸಕ್ಕರೆ ನೋಡುತ್ತ ವೈದ್ಯರ ಸಲಹೆ ಪಡೆಯಿರಿ. ಮರೆತ ಡೋಸನ್ನು ಮುಂದಿನ ಡೋಸಿನೊಂದಿಗೆ ಸೇರಿಸಿ ಕೊಡುವುದಂತೂ ಕೂಡದು.

7. ಸಕ್ಕರೆ ಕುಸಿದಾಗ

ಇದನ್ನು ರೋಗಿಗಿಂತ ಮನೆಯ ಇತರರು ಚೆನ್ನಾಗಿ ಕಲಿಯಬೇಕು, ಏಕೆಂದರೆ ಕುಸಿದ ಹೊತ್ತಿನಲ್ಲಿ ರೋಗಿಯ ಬುದ್ಧಿ ನೆಟ್ಟಗಿರುವುದಿಲ್ಲ. ಬೆವರು, ನಡುಕ, ಎದೆಬಡಿತ, ವಿಪರೀತ ಹಸಿವು ಮೊದಲ ಲಕ್ಷಣಗಳು. ಆಮೇಲೆ ತೊದಲು ಮಾತು, ಸಿಡುಕು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ರಾತ್ರಿ ಕುಸಿದರೆ ಬೆಳಿಗ್ಗೆ ದಿಂಬು ಒದ್ದೆಯಾಗಿರುತ್ತದೆ, ತಲೆನೋವಿರುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಎಂಬ ವರ್ಗದ ಮಾತ್ರೆ (ಅಟೆನೊಲೋಲ್, ಮೆಟೊಪ್ರೊಲೋಲ್ ಮುಂತಾದವು) ತೆಗೆದುಕೊಳ್ಳುವವರಲ್ಲಿ ನಡುಕವೂ ಎದೆಬಡಿತವೂ ಕಾಣಿಸದೆ ಬೆವರೊಂದೇ ಸುಳಿವಾಗಿರಬಹುದು.

ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಸಕ್ಕರೆ, ಅಂದರೆ ಸುಮಾರು 3 ಟೀ ಚಮಚ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ನೂ 70ಕ್ಕಿಂತ ಕೆಳಗಿದ್ದರೆ ಅದನ್ನೇ ಮತ್ತೊಮ್ಮೆ ಮಾಡಿ. ಸರಿಹೋದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದ್ದರೆ ಎರಡು ಇಡ್ಲಿಯನ್ನೋ ಒಂದು ಚಪಾತಿಯನ್ನೋ ಕೊಡಿ. ಲಾಡು, ಮೈಸೂರು ಪಾಕ್, ಚಾಕೊಲೇಟ್ ಈ ಹೊತ್ತಿಗೆ ಒಗ್ಗುವುದಿಲ್ಲ. ಅವುಗಳಲ್ಲಿನ ತುಪ್ಪ, ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತವೆ.

ನಮ್ಮಲ್ಲಿ ಬಹುಮಂದಿಗೆ ತಿಳಿಸದೆ ಬಿಟ್ಟುಹೋಗುವ ಸಂಗತಿಯೊಂದಿದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಸಕ್ಕರೆಯನ್ನು ಕರುಳು ಒಡೆಯುವುದನ್ನೇ ಆ ಮದ್ದು ತಡೆಯುತ್ತದೆ. ಅವರಿಗೆ ಗ್ಲುಕೋಸ್ ಪುಡಿಯೇ ಬೇಕು. ಈ ಮದ್ದುಗಳು ಇತರ ಮದ್ದುಗಳ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುವುದೂ ಉಂಟು. ಮಾತ್ರೆಯ ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಇವತ್ತೇ ಒಮ್ಮೆ ಓದಿ ನೋಡಿ. ಇನ್ಸುಲಿನ್ ಜೊತೆಗೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ವರ್ಗದ ಮಾತ್ರೆಯೂ ಇರುವವರಲ್ಲಿ, ಮುಖ್ಯವಾಗಿ ಮೂತ್ರಪಿಂಡ ದುರ್ಬಲವಾಗಿರುವ ಹಿರಿಯರಲ್ಲಿ, ಒಮ್ಮೆ ಏರಿದ ಸಕ್ಕರೆ ಗಂಟೆಗಳ ನಂತರ ಮತ್ತೆ ಕುಸಿಯುತ್ತದೆ; ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರಾಗಲಿ, ಜೇನಾಗಲಿ, ಸಕ್ಕರೆಯಾಗಲಿ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಏನು ಕಾರಣವೆಂದು ಗೊತ್ತಾಗದಿದ್ದರೂ ಇನ್ಸುಲಿನ್ ಹಾಕಬೇಡಿ.

8. ಕಾಯಿಲೆ ಬಿದ್ದ ದಿನ, ಉಪವಾಸದ ದಿನ

ಜ್ವರ ಬಂದಾಗ, ವಾಂತಿಯಾದಾಗ ಊಟ ಇಲ್ಲದಿದ್ದರೂ ಸಕ್ಕರೆ ಏರುತ್ತದೆ. ಕಾಯಿಲೆಯ ಒತ್ತಡಕ್ಕೆ ಯಕೃತ್ತೇ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಆದ್ದರಿಂದ ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ತಪ್ಪು. ಟೈಪ್ 1 ಮಧುಮೇಹದಲ್ಲಿ (ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತಿರುವ ಬಗೆ) ಹೀಗೆ ನಿಲ್ಲಿಸಿದರೆ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರಿ ಪ್ರಾಣಾಪಾಯವಾಗುತ್ತದೆ. ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ, ಗಂಜಿ ತಿಳಿ, ಮಜ್ಜಿಗೆ, ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ, ಎಷ್ಟು ಡೋಸ್ ಎಂದು ವೈದ್ಯರನ್ನು ಕೇಳಿ. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ವಾಂತಿ ಭೇದಿಯ ದಿನ ತಡೆಹಿಡಿಯಬೇಕೇ ಎಂದೂ ಕೇಳಿ. ನಿಲ್ಲದ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮಂಪರು ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ಕಾಯಬಾರದು.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಅದಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ಡೋಸ್ ಬದಲಿಸಿಕೊಳ್ಳಬೇಕು. ಬೈಸಿಕೊಳ್ಳಬೇಕಾಗುತ್ತದೆಂದು ಹೇಳದೆ ಮಾಡುವವರೇ ಹೆಚ್ಚು. ಹೇಳಿ ಮಾಡುವುದು ಎಷ್ಟೋ ಮೇಲು. ಸಕ್ಕರೆ 70ಕ್ಕಿಂತ ಇಳಿದರೆ ವ್ರತವಾದರೂ ಅಲ್ಲಿಗೆ ನಿಲ್ಲಬೇಕು.

9. ಇಡುವುದು, ಒಯ್ಯುವುದು, ಎಸೆಯುವುದು

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್ಜಿನಲ್ಲಿ, ಐಸ್ ಕಟ್ಟುವ ಭಾಗದಿಂದ ದೂರ ಇರಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆ ಕಂಡರೂ ಕೆಲಸಕ್ಕೆ ಬಾರದು. ತೆರೆದ ಸೀಸೆಯ ಮೇಲೆ ತೆರೆದ ದಿನಾಂಕ ಬರೆಯಿರಿ, ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಮುಗಿಸಬೇಕು. ನಿಮ್ಮ ಇನ್ಸುಲಿನ್‌ನ ಅವಧಿ ಬೇರೆಯಿದೆಯೇ ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ನೋಡಿ. ಫ್ರಿಜ್ಜಿಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಮರಳು ತುಂಬಿ, ಮರಳನ್ನು ಸದಾ ಒದ್ದೆಯಾಗಿಟ್ಟು, ನೀರು ಸೋರದ ಡಬ್ಬಿಯಲ್ಲಿ ಸೀಸೆಯಿಟ್ಟು ಒಳಮಡಕೆಯಲ್ಲಿಡಿ; ನೆರಳಿರುವ, ಗಾಳಿಯಾಡುವ ಜಾಗವಾಗಿರಲಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯ ಶೆಲ್ಫಿನಲ್ಲಿಟ್ಟ ಇನ್ಸುಲಿನ್ ಮೇಲೆ ಭರವಸೆ ಇಡುವಂತಿಲ್ಲ. ಬಸ್ಸಿನಲ್ಲಿ ಹೋಗುವಾಗ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿಡದೆ ಕೈಚೀಲದಲ್ಲಿಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.

ಬಳಸಿದ ಸೂಜಿಯನ್ನು ಮುಚ್ಚಳ ಹಾಕಲು ಹೆಣಗದೆ ನೇರವಾಗಿ ದಪ್ಪ ಡಬ್ಬಿಗೆ ಹಾಕಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಬಳಸಿದ ಸೂಜಿ ಮತ್ತು ಸಿರಿಂಜುಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ ಸೇರಿಸಲಾಗಿತ್ತು. ಒಣಕಸ, ಹಸಿಕಸದೊಂದಿಗೆ ಬೆರೆಸಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಡಬ್ಬಿ ಮುಕ್ಕಾಲು ತುಂಬಿದ ಮೇಲೆ ಟೇಪು ಸುತ್ತಿ, ‘ಸೂಜಿ’ ಎಂದು ಬರೆದು, ನೀವು ಹೋಗುವ ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ ಅಲ್ಲಿಗೆ ಕೊಡಿ, ಇಲ್ಲವಾದರೆ ಕಸ ಒಯ್ಯುವವರಿಗೆ ಪ್ರತ್ಯೇಕವಾಗಿ, ಹೇಳಿ ಕೊಡಿ.

10. ಮುಂದಿನ ಭೇಟಿಗೆ ಹೋಗುವಾಗ

ನೋಟ್‌ಬುಕ್, ಗ್ಲೂಕೋಮೀಟರ್, ಈಗ ಬಳಸುತ್ತಿರುವ ಸೀಸೆ ಮತ್ತು ಒಂದು ಸಿರಿಂಜ್ ಜೊತೆಗಿರಲಿ. ಮನೆಯಲ್ಲಿ ಇನ್ಸುಲಿನ್ ಕೊಡುವವರೇ ರೋಗಿಯ ಜೊತೆ ಬರಲಿ. ‘ಎಲ್ಲ ಗೊತ್ತಾಯಿತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು ನೀವೇ ‘ಸಿಸ್ಟರ್, ನಾನು ತುಂಬಿಕೊಂಡು ತೋರಿಸುತ್ತೇನೆ, ಸರಿಯಿದೆಯಾ ನೋಡಿ’ ಎಂದು ಕೇಳಿ. ಗೆರೆ ಓದುವಲ್ಲಿನ ತಪ್ಪು, ಗಾಳಿ ತೆಗೆಯದಿರುವುದು, ಹೊರಳಿಸಲು ಮರೆಯುವುದು ಮಾತಿನಲ್ಲಿ ಸಿಗುವುದಿಲ್ಲ, ಕೈ ನೋಡಿದರೆ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಅಂಗಿ ಎತ್ತಿ ಚುಚ್ಚುವ ಜಾಗವನ್ನೂ ತೋರಿಸಿ, ಡೋಸ್ ಏರಿಸುವ ಮಾತು ಬಂದಾಗಲಂತೂ ತೋರಿಸದೆ ಎದ್ದು ಬರಬೇಡಿ.